ಪೆಟ್ಟಿಗೆ ಬಿಚ್ಚಿದ ಹುಡುಗ

ಈ ಬರಹವನ್ನು ಬರೆಯಬೇಕೋ ಬೇಡವೋ ಎಂದು ಮೂರು ತಿಂಗಳು ಯೋಚಿಸಿದೆ. ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಓದುವ ಪುಟವಿದು. ನನ್ನ ಪಾಠದ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಕಳುಹಿಸುವವರಿದ್ದಾರೆ. ಸಂಕೋಚಪಡುತ್ತಲೇ ಅವನ್ನು ಎರಡೆರಡು ಸಲ ಓದುವವನು ನಾನು. ಅಂಥವರ ಮುಂದೆ ನನ್ನದೇ ತಪ್ಪೊಂದನ್ನು ತೆರೆದಿಡುವುದು ಸುಲಭವಲ್ಲ. ಆದರೆ ತಪ್ಪು ಮಾಡಿದ ಹುಡುಗನನ್ನು ತರಗತಿಯ ಮುಂದೆ ನಿಲ್ಲಿಸಿ ಒಪ್ಪಿಸುತ್ತಿದ್ದ ಮೇಷ್ಟರಿಗೆ ಆ ನಿಯಮ ಅನ್ವಯಿಸದೆ ಹೋದರೆ ಹೇಗೆ? ಆದ್ದರಿಂದ ಬರೆಯುತ್ತಿದ್ದೇನೆ. ಇದು ಆರಂಭವಾಗುವುದು ಒಂದು ಕೆಟ್ಟ ರೂಟರಿನಿಂದ.

ನೆಟ್ಟಕಲ್ಲಪ್ಪ ವೃತ್ತದ ಬಳಿಯ ನಮ್ಮ ಮನೆಯನ್ನು ನೋಡಿದವರಿಗೆ ಗೊತ್ತು, ಅದು ಒಂದೂವರೆ ಅಡಿ ದಪ್ಪದ ಗೋಡೆಗಳ, ಮದ್ರಾಸ್ ತಾರಸಿಯ ಹಳೆಯ ಮನೆ. ಬೇಸಿಗೆಯಲ್ಲಿ ತಂಪು, ಆದರೆ ಮೊಬೈಲಿನ ಅಲೆಗಳಿಗೆ ಅದೊಂದು ಕೋಟೆ. ರಸ್ತೆ ಅಗೆದಾಗಲೆಲ್ಲ ನಮ್ಮ ಬ್ರಾಡ್‌ಬ್ಯಾಂಡ್ ತಂತಿ ತುಂಡಾಗುತ್ತಿತ್ತು. ಹೊರದೇಶದಲ್ಲಿರುವ ಮಗಳ ಮುಖವನ್ನು ವಾರಕ್ಕೊಮ್ಮೆಯಾದರೂ ನೋಡಬೇಕೆಂದು ನನ್ನ ಶ್ರೀಮತಿಯವರು ಹಟ ಹಿಡಿದದ್ದರಿಂದ 2019ರಲ್ಲಿ ಸಿಮ್ ಹಾಕುವ 4ಜಿ ರೂಟರೊಂದನ್ನು ಕೊಂಡುತಂದೆ. ಐದು ವರ್ಷ ಅದು ಚೆನ್ನಾಗಿಯೇ ದುಡಿಯಿತು. 2024ರ ಮಳೆಗಾಲದಲ್ಲಿ ಸಿಮ್ ಬದಲಾಯಿಸಬೇಕಾಗಿ ಬಂತು. ಹೊಸ ಸಿಮ್ಮಿನ ವಿವರಗಳನ್ನು ರೂಟರಿಗೆ ತಿಳಿಸಬೇಕಾದರೆ ತಯಾರಕರ ಮೊಬೈಲ್ ಆ್ಯಪ್ ಬೇಕು. ಆ ಆ್ಯಪನ್ನೇ ತಯಾರಕರು ನಿಲ್ಲಿಸಿಬಿಟ್ಟಿದ್ದರು. ಪೆಟ್ಟಿಗೆಯಲ್ಲಿ ದೀಪ ಉರಿಯುತ್ತಿತ್ತು, ವಿದ್ಯುತ್ತು ಹರಿಯುತ್ತಿತ್ತು. ಆದರೆ ಅದರೊಡನೆ ಮಾತನಾಡುವ ಭಾಷೆಯೇ ಕಳೆದುಹೋಗಿತ್ತು. ಕಂಪನಿಗೆ ಬರೆದಾಗ, ಹೊಸ ಮಾದರಿಯನ್ನು ಕೊಳ್ಳಿರೆಂಬ ಉತ್ತರ ಬಂತು.

ಗಾಂಧಿಬಜಾರಿನಲ್ಲಿ ಪರಿಚಯದ ಅಂಗಡಿಯವರೊಬ್ಬರು, "ಚಾಮರಾಜಪೇಟೆಯಲ್ಲಿ ಒಬ್ಬರಿದ್ದಾರೆ ಸಾರ್, ಫೋನು, ರೂಟರು ಎಲ್ಲಾ ನೋಡ್ತಾರೆ, ಮನೆಗೇ ಬರ್ತಾರೆ" ಎಂದು ದೂರವಾಣಿ ಸಂಖ್ಯೆ ಕೊಟ್ಟರು. ಮಾರನೆಯ ಭಾನುವಾರ ಸಂಜೆ ಬಂದವನು ನಲವತ್ತಾರು ನಲವತ್ತೇಳರ ಗೃಹಸ್ಥ. ಕಿವಿಯ ಬಳಿ ಕೂದಲು ನರೆತಿತ್ತು. ಬಾಗಿಲಲ್ಲಿ ನನ್ನನ್ನು ಕಂಡವನೇ ತಡೆದು ನಿಂತ. ಬಗ್ಗಿ ಕಾಲು ಮುಟ್ಟಿ, "ನಾನು ನಿಮ್ಮ ಸ್ಟೂಡೆಂಟು ಸಾರ್. ತೊಂಬತ್ನಾಲ್ಕರ ಬ್ಯಾಚು" ಎಂದ. ಎಲ್ಲ ಮೇಷ್ಟರುಗಳಂತೆ ನಾನೂ "ಓಹೋ, ಬಾಪ್ಪಾ ಬಾ, ಚೆನ್ನಾಗಿದ್ದೀಯಾ?" ಎಂದೆ. ನಿಜ ಹೇಳಬೇಕೆಂದರೆ ಗುರುತು ಹತ್ತಿರಲಿಲ್ಲ.

ರೂಟರನ್ನು ತಿರುಗಿಸಿ ನೋಡಿ, ಅದರ ಮಾದರಿ ಸಂಖ್ಯೆಯನ್ನು ಓದಿಕೊಂಡು, "ಇದನ್ನ ಎಸೀಬೇಡಿ ಸಾರ್. ಇದಕ್ಕೆ ಇನ್ನೂ ಯಾರೂ ಓಪನ್‌ಡಬ್ಲ್ಯುಆರ್‌ಟಿ ಮಾಡಿಲ್ಲ ಅನ್ಸುತ್ತೆ. ಮಾಡ್ಬೋದು. ಸ್ವಲ್ಪ ದಿನ ಹಿಡಿಯುತ್ತೆ" ಎಂದ. ಹಾಗೆಂದರೇನು ಎಂದು ಕೇಳಿದೆ. "ಕಂಪನಿಯೋರು ಒಳಗೆ ತುಂಬಿರೋ ತಂತ್ರಾಂಶ ತೆಗೆದು, ಯಾರು ಬೇಕಾದ್ರೂ ಓದಿ ತಿದ್ದೋ ತಂತ್ರಾಂಶ ಹಾಕೋದು ಸಾರ್" ಎಂದ. ಆಮೇಲೆ ಮೇಜಿನ ಮೇಲೆ ಒಂದು ಬಿಳಿಯ ಕಾಗದವನ್ನು ಹಾಸಿ, ರೂಟರಿನ ತಳದ ರಬ್ಬರ್ ಕಾಲುಗಳನ್ನು ಕಿತ್ತು, ಕೆಳಗೆ ಅಡಗಿದ್ದ ತಿರುಪುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಪ್ರತಿಯೊಂದು ತಿರುಪನ್ನೂ ಕಾಗದದ ಮೇಲಿಟ್ಟು, ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತಿ, ಪಕ್ಕದಲ್ಲಿ ಅದು ಇದ್ದ ಜಾಗವನ್ನು ಗುರುತು ಹಾಕಿದ.

ಆಗ ನನಗೆ ಗುರುತು ಹತ್ತಿತು.

*

1992ರ ಆಗಸ್ಟ್ ತಿಂಗಳು. ನಾನು ಬಿ.ಎಡ್. ಮುಗಿಸಿ ಮೇಷ್ಟರ ಕೆಲಸಕ್ಕೆ ಸೇರಿ ಹತ್ತು ವರ್ಷವಾಗಿತ್ತು. ಗಣಿತ ಮತ್ತು ವಿಜ್ಞಾನ ನನ್ನ ಪಾಠಗಳು. ಆಕಾಶವಾಣಿಯ ಶಾಲಾ ಪ್ರಸಾರವನ್ನು ಮಕ್ಕಳಿಗೆ ಕೇಳಿಸಲೆಂದು ಶಾಲೆಯಲ್ಲಿ ಒಂದು ರೇಡಿಯೋ ಇತ್ತು. ಅದು ತಿಂಗಳುಗಟ್ಟಲೆಯಿಂದ ಗೊರಗೊರ ಎನ್ನುತ್ತಿತ್ತು, ಆಮೇಲೆ ಅದೂ ನಿಂತುಹೋಯಿತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಪ್ರಯೋಗಶಾಲೆಗೆ ಹೋದಾಗ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಆ ರೇಡಿಯೋದ ಹಿಂಬದಿಯನ್ನು ಬಿಚ್ಚಿ ಕುಳಿತಿದ್ದ. ಪ್ಲಗ್ಗನ್ನು ಗೋಡೆಯಿಂದ ಕಿತ್ತಿಟ್ಟಿದ್ದ. ಪಕ್ಕದಲ್ಲಿ ನೋಟುಪುಸ್ತಕದ ಒಂದು ಹಾಳೆ. ಅದರ ಮೇಲೆ ಏಳೆಂಟು ತಿರುಪುಗಳು. ಪ್ರತಿಯೊಂದಕ್ಕೂ ಪೆನ್ಸಿಲಿನ ಒಂದೊಂದು ಸೊನ್ನೆ.

ನಾನು ಕೇಳಲಿಲ್ಲ. ಇಡೀ ಘಟನೆಯ ಸಾರ ಇಷ್ಟೇ: ನಾನು ಕೇಳಲಿಲ್ಲ. ಏನು ಮಾಡುತ್ತಿದ್ದೀಯೆಂದೂ ಕೇಳಲಿಲ್ಲ, ಏಕೆಂದೂ ಕೇಳಲಿಲ್ಲ. ಆ ಹಾಳೆಯನ್ನು ಕೈಯಿಂದ ಬೀಸಿ ತಳ್ಳಿದೆ. ತಿರುಪುಗಳು ನೆಲದ ಮೇಲೆ ಚೆಲ್ಲಾಡಿದವು. ಎರಡೇಟು ಹೊಡೆದೆ. ಮಾರನೆಯ ದಿನ ಅವನ ತಂದೆಯನ್ನು ಕರೆಸಿದೆ. ಗಾಂಧಿಬಜಾರಿನಲ್ಲಿ ಹೂವು ಮಾರುತ್ತಿದ್ದ ಬಡವರು. ಬೆಳಗಿನ ವ್ಯಾಪಾರ ಬಿಟ್ಟು ಬಂದು, ಒದ್ದೆಯ ಕೈಗಳನ್ನು ಪಂಚೆಗೆ ಒರೆಸಿಕೊಂಡು, ನನ್ನೆದುರು ಆ ಕೈಗಳನ್ನು ಜೋಡಿಸಿ ನಿಂತರು. ರೇಡಿಯೋ ಕೆಡಿಸಿದ್ದಕ್ಕೆಂದು ಅರವತ್ತು ರೂಪಾಯಿ ಕಟ್ಟಿಸಿಕೊಂಡೆವು. ಹುಡುಗನಿಗೆ ಆ ವರ್ಷವಿಡೀ ಪ್ರಯೋಗಶಾಲೆಯ ಬಾಗಿಲು ಮುಚ್ಚಿತು. ಉಳಿದವರು ಪ್ರಯೋಗ ಮಾಡುವಾಗ ಅವನು ಹೊರಗೆ ಜಗಲಿಯ ಮೇಲೆ ಕುಳಿತು ಬೇರೆಯವರ ದಾಖಲೆ ಪುಸ್ತಕ ನೋಡಿ ಬರೆದುಕೊಳ್ಳುತ್ತಿದ್ದ.

ಇದರಲ್ಲಿ ಇನ್ನೊಂದು ಮಾತಿದೆ. ಆ ದಿನಗಳಲ್ಲಿ ನಾನು ಬುಧವಾರದ ಸಂಜೆಗಳಲ್ಲಿ ನ್ಯಾಷನಲ್ ಕಾಲೇಜಿನ ಬೆಂಗಳೂರು ಸೈನ್ಸ್ ಫೋರಂ ಉಪನ್ಯಾಸಗಳಿಗೆ ಹೋಗುತ್ತಿದ್ದೆ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ವೇದಿಕೆ ಅದು. ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬಾರದೆಂದು ಬದುಕಿಡೀ ಹೇಳಿದವರು ಅವರು. ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿಯನ್ನೇ ನೇಮಿಸಿದವರು. ಅವರ ವೇದಿಕೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುತ್ತಿದ್ದ ನಾನು, ಹಗಲಿನಲ್ಲಿ ನನ್ನದೇ ಶಾಲೆಯಲ್ಲಿ ಪ್ರಶ್ನೆಯೊಂದು ಮೈವೆತ್ತು ನೆಲದ ಮೇಲೆ ಕುಳಿತಿದ್ದಾಗ ಅದನ್ನು ಹೊಡೆದು ಎಬ್ಬಿಸಿದ್ದೆ.

*

ಆ ಭಾನುವಾರ ನಾನು ಏನನ್ನೂ ಹೇಳಲಿಲ್ಲ. ನಾಲಗೆ ಏಳಲಿಲ್ಲ. "ನಾನೂ ಪಕ್ಕದಲ್ಲಿ ಕೂತು ನೋಡಬಹುದೇನಪ್ಪಾ?" ಎಂದಷ್ಟೇ ಕೇಳಿದೆ. ಅವನು ನಕ್ಕು ಕುರ್ಚಿ ಸರಿಸಿದ. ಅಂದಿನಿಂದ ಸುಮಾರು ಎರಡು ತಿಂಗಳು ಭಾನುವಾರದ ಸಂಜೆಗಳು ನನಗೆ ಪಾಠದ ಸಂಜೆಗಳಾದವು.

ರೂಟರೆಂದರೆ ಒಂದು ಚಿಕ್ಕ ಗಣಕಯಂತ್ರವೇ. ನಮ್ಮದರಲ್ಲಿ ಇದ್ದದ್ದು ಮೀಡಿಯಾಟೆಕ್‌ನವರ ಎಂಟಿ7628 ಎಂಬ ಚಿಪ್ಪು, 128 ಮೆಗಾಬೈಟ್ ತಾತ್ಕಾಲಿಕ ಸ್ಮೃತಿ, 16 ಮೆಗಾಬೈಟ್ ಶಾಶ್ವತ ಸ್ಮೃತಿ. ಮೊಬೈಲ್ ಗೋಪುರದೊಡನೆ ಮಾತನಾಡುವ ಮೋಡೆಮ್ ಬೇರೆಯದೇ ಒಂದು ಬಿಲ್ಲೆ; ಅದು ಒಳಗೊಳಗೇ ಯುಎಸ್‌ಬಿ ದಾರಿಯಲ್ಲಿ ಈ ಚಿಪ್ಪಿಗೆ ಜೋಡಣೆಯಾಗಿತ್ತು. ಹಲಗೆಯ ಅಂಚಿನಲ್ಲಿ ನಾಲ್ಕು ಸಣ್ಣ ತವರದ ಚುಕ್ಕೆಗಳು. "ಇದು ಕಾರ್ಖಾನೆಯೋರು ಪರೀಕ್ಷೆಗೆ ಇಟ್ಕೊಂಡಿರೋ ಬಾಗಿಲು ಸಾರ್" ಎಂದ. ಮಲ್ಟಿಮೀಟರ್ ಹಿಡಿದು ಯಾವುದು ಭೂಮಿ, ಯಾವುದು 3.3 ವೋಲ್ಟ್, ಯಾವುದು ಹೇಳುವ ತಂತಿ, ಯಾವುದು ಕೇಳುವ ತಂತಿ ಎಂದು ಗುರುತಿಸಿದ. ಎಸ್.ಪಿ. ರಸ್ತೆಯಿಂದ ತಂದ ಬೆರಳುದ್ದದ ಜೋಡಣೆಯೊಂದನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಮೂರೇ ತಂತಿಗಳನ್ನು ಬೆಸೆದ. 3.3 ವೋಲ್ಟಿನ ತಂತಿಯನ್ನು ಮುಟ್ಟಲಿಲ್ಲ. ರೂಟರಿಗೆ ತನ್ನದೇ ವಿದ್ಯುತ್ತಿದೆ, ಎರಡು ಕಡೆಯಿಂದ ಕೊಟ್ಟರೆ ಸುಟ್ಟೀತು ಎಂದು ವಿವರಿಸಿದ.

ಮೊದಲು ಪರದೆಯ ಮೇಲೆ ಬಂದದ್ದು ಬರೀ ಅಡ್ಡಾದಿಡ್ಡಿ ಚಿಹ್ನೆಗಳು. ವೇಗ ಹೊಂದಿರಲಿಲ್ಲ. ಉಕ್ತಲೇಖನ ಹೇಳುವ ಮೇಷ್ಟರ ವೇಗಕ್ಕೂ ಬರೆಯುವ ಹುಡುಗನ ವೇಗಕ್ಕೂ ಹೊಂದಿಕೆಯಿಲ್ಲದಿದ್ದರೆ ಪುಸ್ತಕದಲ್ಲಿ ಏನು ಮೂಡುತ್ತದೋ ಅದೇ ಇಲ್ಲಿಯೂ. ಸೆಕೆಂಡಿಗೆ 57600 ಎಂಬ ಸಂಖ್ಯೆಯನ್ನು ಹಾಕಿದೊಡನೆ ಸಾಲುಸಾಲಾಗಿ ಸ್ಪಷ್ಟ ಅಕ್ಷರಗಳು ಹರಿದುಬಂದವು. ಮೊದಲಿಗೆ ನಾಲ್ಕು ಆಯ್ಕೆಗಳ ಪಟ್ಟಿ. ನಾಲ್ಕನೆಯ ಸಾಲಿನಲ್ಲಿ 'ಎಂಟರ್' ಎಂಬ ಇಂಗ್ಲಿಷ್ ಪದದ ಒಂದು ಅಕ್ಷರ ಬಿಟ್ಟುಹೋಗಿತ್ತು! ನಾನು ಥಟ್ಟನೆ ತೋರಿಸಿದೆ. ಅವನು ಜೋರಾಗಿ ನಕ್ಕ. "ಆ ತಪ್ಪು ಎಷ್ಟೋ ರೂಟರುಗಳಲ್ಲಿ ಹಾಗೇ ಇದೆ ಸಾರ್. ಒಬ್ಬರು ಬರೆದದ್ದನ್ನ ಎಲ್ರೂ ನಕಲು ಹೊಡೆದಿದ್ದಾರೆ." ನಕಲು ಹೊಡೆಯುವ ಹುಡುಗರನ್ನು ಹಿಡಿಯುವ ಉಪಾಯ ಎಲ್ಲ ಕಾಲಕ್ಕೂ ಒಂದೇ, ಕಾಗುಣಿತದ ತಪ್ಪು.

ಇನ್ನೂ ಕೆಳಗೆ 'ಲಿನಕ್ಸ್' ಎಂಬ ಪದ ಕಂಡಿತು. "ನೋಡಿ ಸಾರ್, ಇದೇ ಮುಖ್ಯ" ಎಂದು ಅವನು ಹೇಳಿದ ಕಥೆಯನ್ನು ಆಮೇಲೆ ನಾನೂ ಓದಿ ದೃಢಪಡಿಸಿಕೊಂಡೆ.

ಲಿನಕ್ಸ್ ಎಂಬುದು ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ತಿರುಳು ತಂತ್ರಾಂಶ. ಅದು ಜಿಪಿಎಲ್ ಎಂಬ ಪರವಾನಗಿಯಡಿ ಬರುತ್ತದೆ. ಅದರ ಕರಾರು ಸರಳ: ಈ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿರಿ, ತಿದ್ದಿರಿ, ಮಾರಾಟವನ್ನೂ ಮಾಡಿರಿ, ಆದರೆ ಕೊಂಡವನಿಗೆ ಅದರ ಮೂಲ ಬರಹವನ್ನು ಕೊಡಲೇಬೇಕು. ಈ ವಿಚಾರದ ಹಿಂದಿರುವವರು ಅಮೆರಿಕದ ರಿಚರ್ಡ್ ಸ್ಟಾಲ್ಮನ್. ತಮ್ಮ ಪ್ರಯೋಗಾಲಯದ ಮುದ್ರಣಯಂತ್ರ ಕಾಗದ ಸಿಕ್ಕಿಕೊಂಡಾಗ ತಿಳಿಸುವಂತೆ ಮಾಡಬೇಕೆಂದು ಅವರು ಹೊರಟರೆ, ಮೂಲ ಬರಹವನ್ನು ಕೊಡಲು ಅದನ್ನು ಹೊಂದಿದ್ದವರು ನಿರಾಕರಿಸಿದರಂತೆ. ಆ ನಿರಾಕರಣೆ ಮನಸ್ಸಿನಲ್ಲಿ ಉಳಿದು, 1983ರಲ್ಲಿ ಮುಕ್ತ ತಂತ್ರಾಂಶದ ಚಳವಳಿಯಾಯಿತು.

2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ಮನೆಬಳಕೆಯ ರೂಟರನ್ನು ಮಾರುಕಟ್ಟೆಗೆ ತಂದಿತು. ಮರುವರ್ಷ ಆಂಡ್ರ್ಯೂ ಮಿಕ್ಲಾಸ್ ಎಂಬವರು ಅದರೊಳಗಿರುವುದು ಲಿನಕ್ಸ್ ಎಂದು ಕಂಡುಹಿಡಿದು, ಹಾಗಾದರೆ ಮೂಲ ಬರಹ ಎಲ್ಲಿ ಎಂದು ಸಾರ್ವಜನಿಕವಾಗಿ ಕೇಳಿದರು. ಅಷ್ಟರಲ್ಲಿ ಆ ಕಂಪನಿಯನ್ನು ಸಿಸ್ಕೋ ಕೊಂಡುಕೊಂಡಿತ್ತು. ಒತ್ತಾಯ ಹೆಚ್ಚಿ, 2003ರಲ್ಲಿಯೇ ಮೂಲ ಬರಹವನ್ನು ಬಿಡುಗಡೆ ಮಾಡಬೇಕಾಯಿತು. ಅದನ್ನು ಆಧಾರವಾಗಿಟ್ಟುಕೊಂಡು 2004ರ ಜನವರಿಯಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಹೆಸರಿನ ಬಾಲ ಆ ರೂಟರಿನದೇ. ಇಂದು ನೂರಾರು ತಯಾರಕರ ಸಾಧನಗಳಲ್ಲಿ ಅದು ಓಡುತ್ತದೆ. ಇಪ್ಪತ್ತು ವರ್ಷ ತುಂಬಿದ 2024ರಲ್ಲಿ ಆ ಬಳಗದವರು ತಮ್ಮದೇ ಒಂದು ರೂಟರನ್ನೂ ಹೊರತಂದರು. ನಮ್ಮ ಹತ್ತಿರದಲ್ಲಿಯೇ, ತುಮಕೂರು ಜಿಲ್ಲೆಯ ದೇವರಾಯನದುರ್ಗದ ಆಸುಪಾಸಿನ ಹಳ್ಳಿಗಳಲ್ಲಿ ಜನಸ್ತು ಎಂಬ ಬೆಂಗಳೂರಿನ ಸಂಸ್ಥೆ ಊರವರೊಡಗೂಡಿ ಕಟ್ಟಿರುವ ಸಮುದಾಯದ ವೈಫೈ ಜಾಲಕ್ಕೂ ಇದೇ ಬುನಾದಿ. ಇಷ್ಟೆಲ್ಲಕ್ಕೂ ಮೂಲ, ಒಬ್ಬ ಮನುಷ್ಯ ಪೆಟ್ಟಿಗೆಯ ಒಳಗೇನಿದೆ ಎಂದು ನೋಡಿ, ಒಂದು ಪ್ರಶ್ನೆ ಕೇಳಿದ್ದು.

ನಮ್ಮ ರೂಟರಿನ ತಯಾರಕರಿಗೂ ಮೂಲ ಬರಹ ಕೇಳಿ ಪತ್ರ ಬರೆದೆವು. ಪತ್ರದ ಇಂಗ್ಲಿಷ್ ನನ್ನದು. ಉತ್ತರ ಬರಲಿಲ್ಲ. "ಪರ್ವಾಗಿಲ್ಲ ಸಾರ್, ಇದೇ ಚಿಪ್ಪಿರೋ ಬೇರೆ ರೂಟರುಗಳನ್ನ ಆಗಲೇ ಬೇರೆಯವರು ಮಾಡಿದ್ದಾರೆ. ನಮ್ಮದರಲ್ಲಿ ಏನು ವ್ಯತ್ಯಾಸ ಅಂತ ಕಂಡ್ಹಿಡಿದ್ರೆ ಆಯ್ತು" ಎಂದ.

*

ಅವನ ಕೆಲಸದ ಕ್ರಮ ನನಗೆ ಬಹಳ ಹಿಡಿಸಿತು. ಹೊಸ ತಂತ್ರಾಂಶವನ್ನು ನೇರವಾಗಿ ಶಾಶ್ವತ ಸ್ಮೃತಿಯಲ್ಲಿ ಬರೆಯಲಿಲ್ಲ. ಆ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಒತ್ತಿದರೆ ತಂತ್ರಾಂಶ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಓಡುತ್ತದೆ. ಎರಡನ್ನು ಒತ್ತಿದರೆ ಹಳೆಯದನ್ನು ಅಳಿಸಿ ಬರೆದುಬಿಡುತ್ತದೆ. ಒಂದು ಸ್ಲೇಟು, ಇನ್ನೊಂದು ಶಿಲಾಶಾಸನ. ಸ್ಲೇಟಿನಲ್ಲಿ ತಪ್ಪಾದರೆ ವಿದ್ಯುತ್ತು ಆರಿಸಿದರೆ ಸಾಕು, ಎಲ್ಲವೂ ಮೊದಲಿನಂತೆ. ಹಾಗೆ ಸ್ಲೇಟಿನ ಮೇಲೆ ಮೊದಲ ಸಲ ಓಡಿಸಿದಾಗ ಅವನು ಮಾಡಿದ ಮೊದಲ ಕೆಲಸವೆಂದರೆ ಹಳೆಯ 16 ಮೆಗಾಬೈಟನ್ನೂ ಯಥಾವತ್ತಾಗಿ ಪ್ರತಿ ಮಾಡಿಟ್ಟುಕೊಂಡದ್ದು. ಅದರಲ್ಲಿ ಒಂದು ಸಣ್ಣ ಭಾಗವಿದೆ. ಈ ಒಂದು ರೂಟರಿನ ವೈಫೈ ಭಾಗವನ್ನು ಕಾರ್ಖಾನೆಯಲ್ಲಿ ಅಳೆದು ಹೊಂದಿಸಿದ ಸಂಖ್ಯೆಗಳೂ, ಅದರ ಸ್ವಂತ ವಿಳಾಸವೂ ಅಲ್ಲಿರುತ್ತವೆ. ಅದು ಅಳಿಸಿಹೋದರೆ ಬೇರೆ ಎಲ್ಲಿಯೂ ಸಿಗದು. ಆ ಪ್ರತಿಯನ್ನು ಅವನು ಎರಡು ಕಡೆ ಇಟ್ಟ.

ಮುಂದಿನ ವಾರ ನನಗೂ ಒಂದು ಕೆಲಸ ಸಿಕ್ಕಿತು. ಯಾವ ದೀಪ, ಯಾವ ಗುಂಡಿ ಚಿಪ್ಪಿನ ಎಷ್ಟನೆಯ ಕಾಲಿಗೆ ಸೇರಿದೆ ಎಂಬುದು ನಮಗೆ ಗೊತ್ತಿಲ್ಲ, ತಯಾರಕರು ಹೇಳುವುದಿಲ್ಲ. ಅವನು ಒಂದೊಂದೇ ಕಾಲಿಗೆ ಸಂಕೇತ ಕೊಡುವುದು, ನಾನು ನೋಡಿ ಬರೆದುಕೊಳ್ಳುವುದು. ನನ್ನ ಹಳೆಯ ಅಭ್ಯಾಸದಂತೆ ಅಡ್ಡಗೆರೆ ಉದ್ದಗೆರೆ ಹಾಕಿ ಕೋಷ್ಟಕ ಮಾಡಿದೆ: ಕ್ರಮಸಂಖ್ಯೆ, ಕಾಲಿನ ಸಂಖ್ಯೆ, ಕೊಟ್ಟ ಸಂಕೇತ, ಕಂಡ ಪರಿಣಾಮ. "ಏನೂ ಇಲ್ಲ", "ಏನೂ ಇಲ್ಲ", "ವೈಫೈ ದೀಪ ಉರಿಯಿತು", "ಏನೂ ಇಲ್ಲ". ಒಂದು ಕಾಲಿಗೆ ಸಂಕೇತ ಕೊಟ್ಟೊಡನೆ ಮೋಡೆಮ್ಮೇ ಕಾಣೆಯಾಯಿತು. ನಾನು ಗಾಬರಿಯಾದೆ. ಅವನ ಮುಖ ಅರಳಿತು. "ಸಿಕ್ತು ಸಾರ್! ಮೋಡೆಮ್ಮಿನ ಪವರ್ ಇಲ್ಲಿದೆ. ಬರ್ಕೊಳ್ಳಿ, ಬರ್ಕೊಳ್ಳಿ." ಮುಂದೆ ಮೋಡೆಮ್ ತಾನಾಗಿ ತಟಸ್ಥವಾದಾಗ ಅದನ್ನು ಆರಿಸಿ ಹೊತ್ತಿಸಲು ಅದೇ ಕಾಲು ಬೇಕಂತೆ. ಪ್ರಯೋಗವೊಂದರಲ್ಲಿ ಏನೋ ನಿಂತುಹೋದಾಗ ಅದನ್ನು ಕೆಡುಕೆಂದು ತಿಳಿಯುವವನಿಗೂ ಸುಳಿವೆಂದು ತಿಳಿಯುವವನಿಗೂ ಇರುವ ಅಂತರ ನನಗೆ ಅರವತ್ತಾರನೆಯ ವಯಸ್ಸಿನಲ್ಲಿ ಪಾಠವಾಯಿತು.

ಹೀಗೆ ತಿಳಿದದ್ದನ್ನೆಲ್ಲ ಒಂದು ಕಡತದಲ್ಲಿ ವಿವರಿಸಬೇಕು. ಅದಕ್ಕೆ ಡಿವೈಸ್ ಟ್ರೀ ಎನ್ನುತ್ತಾರೆ. ಈ ಹಲಗೆಯ ಮೇಲೆ ಏನೇನಿದೆ, ಎಲ್ಲೆಲ್ಲಿ ಸೇರಿದೆ, ಶಾಶ್ವತ ಸ್ಮೃತಿಯ ಯಾವ ಭಾಗ ಯಾವುದಕ್ಕೆ ಮೀಸಲು ಎಂಬ ವಂಶವೃಕ್ಷ ಅದು. ಲಿನಕ್ಸ್ ಅದನ್ನು ಓದಿಕೊಂಡು ತಾನು ಯಾವ ಮನೆಯಲ್ಲಿದ್ದೇನೆಂದು ಅರಿಯುತ್ತದೆ. ಅಂತಿಮವಾಗಿ ಬರೆಯುವ ಕಡತ ನೂರೈವತ್ತು ಸಾಲಿಗಿಂತ ಹೆಚ್ಚಿರಲಿಲ್ಲ. ಆದರೆ ಒಂದೊಂದು ಸಾಲಿನ ಹಿಂದೆಯೂ ಒಂದು ಸಂಜೆ.

ಎಲ್ಲವೂ ಮುಕ್ತವಾಯಿತೆಂದು ನಾನು ಸಂಭ್ರಮಿಸಿದಾಗ ಅವನೇ ತಡೆದ. ಮೋಡೆಮ್ಮಿನ ಒಳಗಿನ ತಂತ್ರಾಂಶ ಈಗಲೂ ಅದರ ತಯಾರಕರದೇ, ಮುಚ್ಚಿದ್ದೇ. ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ. ಅದಕ್ಕೆ ಪ್ರಶ್ನೆ ಕೇಳಬಹುದು, ಉತ್ತರ ಪಡೆಯಬಹುದು, ಅಷ್ಟೆ. "ಐಎಂಇಐ ಸಂಖ್ಯೆಯನ್ನಂತೂ ಯಾವ ಕಾರಣಕ್ಕೂ ಮುಟ್ಟಬಾರದು ಸಾರ್, ಅದು ಅಪರಾಧ" ಎಂದ. ನಿಜ, ಅದನ್ನು ತಿರುಚುವುದಕ್ಕೆ 2023ರ ದೂರಸಂಪರ್ಕ ಕಾಯಿದೆಯಲ್ಲಿ ಮೂರು ವರ್ಷದವರೆಗೆ ಸೆರೆಮನೆಯಿದೆ. ಬಿಚ್ಚುವುದಕ್ಕೂ ಒಂದು ಮರ್ಯಾದೆಯಿದೆಯೆಂದು ಅವನು ನನಗಿಂತ ಚೆನ್ನಾಗಿ ಬಲ್ಲವನಾಗಿದ್ದ.

ಆದರೂ ಮೋಡೆಮ್ ಕೊಟ್ಟ ಉತ್ತರಗಳೇ ನನಗೆ ಹಬ್ಬವಾದವು. ಹಳೆಯ ತಂತ್ರಾಂಶ ತೋರಿಸುತ್ತಿದ್ದದ್ದು ಬರೀ ಎರಡು ಕಡ್ಡಿ, ಮೂರು ಕಡ್ಡಿ. ಈಗ ಸಂಖ್ಯೆಯೇ ಕಾಣಿಸತೊಡಗಿತು. ಅಡುಗೆಮನೆಯ ಬಳಿ ಮೈನಸ್ 115. ಬೀದಿಯ ಕಡೆಯ ಕಿಟಕಿಯ ಬಳಿ ಮೈನಸ್ 95. ಇದು ಲಾಗರಿತಮ್ ಮಾನ. ಹತ್ತು ಡೆಸಿಬೆಲ್ ಎಂದರೆ ಹತ್ತು ಪಟ್ಟು, ಇಪ್ಪತ್ತೆಂದರೆ ನೂರು ಪಟ್ಟು. ಅಂದರೆ ಕಿಟಕಿಗೆ ಬರುವ ಶಕ್ತಿಯ ನೂರರಲ್ಲಿ ಒಂದು ಪಾಲು ಮಾತ್ರ ಅಡುಗೆಮನೆ ತಲಪುತ್ತಿತ್ತು! ಐದು ವರ್ಷ ಆ ರೂಟರನ್ನು ನಾವು ಅಡುಗೆಮನೆಯ ಗೂಡಿನಲ್ಲಿಟ್ಟಿದ್ದೆವು. "ಲಾಗರಿತಮ್ ಜೀವನದಲ್ಲಿ ಎಲ್ಲಿ ಬರುತ್ತೆ ಸಾರ್?" ಎಂದು ಕೇಳುತ್ತಿದ್ದವರೇ, ಉತ್ತರ ಮೂವತ್ತು ವರ್ಷ ತಡವಾಗಿ ಬಂದಿದೆ, ದಯವಿಟ್ಟು ಸ್ವೀಕರಿಸಿರಿ. ಇನ್ನೊಂದು ಸಂಗತಿ, ಯಾವ ತರಂಗಾಂತರವನ್ನು ಹಿಡಿಯಬೇಕೆಂದು ಈಗ ನಾವೇ ಹೇಳಬಹುದು. 2300 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 13 ಸೆಂಟಿಮೀಟರ್. 850ರದು ಸುಮಾರು 35. ಉದ್ದದ ಅಲೆ ದಪ್ಪ ಗೋಡೆಯನ್ನು ದಾಟಿ ಬರುವುದೂ, ದೂರದವರೆಗೆ ಬಾಳುವುದೂ ಹೆಚ್ಚು.

*

ಎಲ್ಲವೂ ಸಿದ್ಧವಾಗಿ, ಇನ್ನು ಸ್ಲೇಟು ಬಿಟ್ಟು ಶಿಲೆಯ ಮೇಲೆ ಬರೆಯಬಹುದೆಂದ ಸಂಜೆ, ನನ್ನವಳು ಕಾಫಿ ತಂದಿಟ್ಟು ಒಳಗೆ ಹೋದಳು. ಆಗ ಹೇಳಿದೆ. "ಅಪ್ಪಾ, ಆ ರೇಡಿಯೋ ವಿಷಯ. ನಿನ್ನನ್ನು ನಾನು ಕೇಳಬೇಕಾಗಿತ್ತು. ಹೊಡೆದದ್ದು ತಪ್ಪು. ನಿಮ್ಮ ತಂದೆಯವರನ್ನು ಹಾಗೆ ನಿಲ್ಲಿಸಿದ್ದು ಅದಕ್ಕಿಂತ ದೊಡ್ಡ ತಪ್ಪು."

ಅವನು ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ: "ಆ ರೇಡಿಯೋ ಆಮೇಲೆ ರಿಪೇರಿ ಆಯ್ತಾ ಸಾರ್?"

ಆಗಿರಲಿಲ್ಲ. ಬೀರುವಿನಲ್ಲಿ ಬಿದ್ದಿದ್ದು, ಕೆಲವು ವರ್ಷಗಳ ಮೇಲೆ ಹಳೆಯ ಸಾಮಾನಿನೊಡನೆ ಗುಜರಿಗೆ ಹೋಯಿತು. ಹಾಗೆಂದೆ.

"ಒಂದು ವೈರು ಅಷ್ಟೇ ಸಾರ್ ಬಿಟ್ಟಿದ್ದು. ಸ್ಪೀಕರಿನ ಹತ್ರ. ಕಾಣಿಸ್ತಾ ಇತ್ತು ನಂಗೆ. ಬೆಸುಗೆ ಹಾಕಿದ್ರೆ ಆಗೋದು. ಅದಕ್ಕೇ ತಿರುಪು ಕಳೀಬಾರದು ಅಂತ ಬರೆದಿಟ್ಕೊಂಡಿದ್ದೆ."

ನಾನು ಮೌನವಾಗಿದ್ದೆ. ಅವನೇ ಮುಂದುವರಿಸಿದ. "ಹೊಡೆದದ್ದು ಮರೆತುಹೋಯ್ತು ಸಾರ್, ಆಗ ಎಲ್ರೂ ಹೊಡೀತಿದ್ರು. ಆದ್ರೆ ನಮ್ಮಪ್ಪ ಹೋಗೋವರೆಗೂ ಹೇಳ್ತಾ ಇದ್ರು, ಬೇರೆಯವರ ಸಾಮಾನು ಬಿಚ್ಚಬೇಡವೋ, ಕೈ ಮುಗಿಯೋ ಹಾಗೆ ಮಾಡಬೇಡವೋ ಅಂತ. ನಾನು ಅಂಗಡಿ ಇಟ್ಟ ಮೇಲೂ ಹೇಳ್ತಿದ್ರು. ನನ್ನ ಕೆಲಸವೇ ಅದು ಅಂತ ಅವರಿಗೆ ಕೊನೇವರೆಗೂ ಧೈರ್ಯ ಬರಲಿಲ್ಲ."

ಇದಕ್ಕೆ ಉತ್ತರವಿಲ್ಲ. ಅವನು ನನ್ನನ್ನು ಕ್ಷಮಿಸಿದನೆಂದು ನಾನು ಬರೆಯಲಾರೆ. ಅವನು ಹಾಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೈ ಮುಗಿದು ನಿಂತವರು ಈಗಿಲ್ಲ; ಕ್ಷಮಿಸುವ ಹಕ್ಕಿದ್ದದ್ದು ಅವರಿಗೆ. ಅವನು ಕಾಫಿ ಕುಡಿದು, "ಬರೀಲಾ ಸಾರ್?" ಎಂದ. "ಬರೆ" ಎಂದೆ. ಗುಂಡಿ ಒತ್ತಿದ. ನಾಲ್ಕು ನಿಮಿಷ ಇಬ್ಬರೂ ಉಸಿರು ಹಿಡಿದು ಕುಳಿತೆವು. ವೈಫೈ ದೀಪ ಉರಿಯಿತು. ಆಮೇಲೆ ಮೋಡೆಮ್ಮಿನ ದೀಪ.

*

ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ನಮ್ಮ ಮನೆಯ ಒಂದು ರೂಟರು ಸರಿಯಾದರೆ ಸಾಲದು. ಈ ಮಾದರಿಯುಳ್ಳ ಎಲ್ಲರಿಗೂ ದೊರೆಯಬೇಕಾದರೆ ಬದಲಾವಣೆಗಳನ್ನು ಓಪನ್‌ಡಬ್ಲ್ಯುಆರ್‌ಟಿ ಬಳಗಕ್ಕೆ ಒಪ್ಪಿಸಬೇಕು. ಜೊತೆಗೆ ಒಂದು ವಿವರಣೆ: ಚಿಪ್ಪು ಯಾವುದು, ಸ್ಮೃತಿ ಎಷ್ಟು, ವಿಳಾಸಗಳು ಎಲ್ಲಿಂದ ಬರುತ್ತವೆ, ಸ್ಥಾಪಿಸುವುದು ಹೇಗೆ, ಹಳೆಯದಕ್ಕೆ ಮರಳುವುದು ಹೇಗೆ. ಕೊನೆಯಲ್ಲಿ ಸಹಿ, ಇದು ನನ್ನ ಕೆಲಸ, ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಹೊಣೆಯ ಮಾತು. 2004ರಿಂದ ಲಿನಕ್ಸ್ ಬಳಗದಲ್ಲಿ ಬಂದ ಪದ್ಧತಿಯಿದು. ವಿವರಣೆಯ ಇಂಗ್ಲಿಷನ್ನು ನಾನು ತಿದ್ದಿದೆ. 2024ರ ನವೆಂಬರಿನಲ್ಲಿ, ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆಗೆ ಅಂಗಡಿಗಳು ಏಳುತ್ತಿದ್ದ ವಾರ, ಒಪ್ಪಿಸಿದ.

ಎಲ್ಲಿಯೋ ಇರುವ, ನಾವು ಮುಖ ನೋಡದ ಪರಿಶೀಲಕರು ಸಾಲುಸಾಲಾಗಿ ಓದಿದರು. ಈ ಸಾಲು ಅನಗತ್ಯ. ಇಲ್ಲಿ ಅಂತರ ಸರಿಯಿಲ್ಲ. ಈ ವಿಳಾಸವನ್ನು ಬೇರೆ ಭಾಗದಿಂದ ಓದಬೇಕಲ್ಲವೇ? ಕೆಂಪು ಶಾಯಿಯೇ ಸರಿ. ಆದರೆ ಒಂದು ವ್ಯತ್ಯಾಸ ನನ್ನ ಗಮನಕ್ಕೆ ಬಂತು. ಅವರು ಪ್ರತಿಸಲವೂ ಮೊದಲು ಕೇಳುತ್ತಿದ್ದರು: ಹೀಗೇಕೆ ಮಾಡಿದಿರಿ? ಕಾರಣವಿದ್ದರೆ ಒಪ್ಪುತ್ತಿದ್ದರು. ಒಂದು ಕಡೆ ನನ್ನ ಹುಡುಗನ ಮಾತೇ ನಿಂತಿತು. ಮೂರು ಸಲ ತಿದ್ದಿ ಒಪ್ಪಿಸಿದ ಮೇಲೆ 2025ರ ಫೆಬ್ರವರಿಯಲ್ಲಿ ಅದು ಸ್ವೀಕಾರವಾಯಿತು.

ಸ್ವೀಕಾರವಾದ ಬರಹವನ್ನು ಫೋನಿನಲ್ಲಿ ತೋರಿಸಿದ. ಅವನ ಸಹಿಯ ಕೆಳಗೆ ಇನ್ನೊಂದು ಸಾಲಿತ್ತು: ಪರೀಕ್ಷಿಸಿದವರು ಎಂದು ನನ್ನ ಹೆಸರು. ಪರೀಕ್ಷಕನಾಗಿ ನಾನು ಸಾವಿರಾರು ಉತ್ತರಪತ್ರಿಕೆಗಳಿಗೆ ಸಹಿ ಹಾಕಿದ್ದೇನೆ. ಈ ಒಂದು ಸಾಲಿನ ಮುಂದೆ ನಾನು ಎಷ್ಟು ಚಿಕ್ಕವನಾದೆನೆಂದು ಹೇಳಲಾರೆ.

ನಮ್ಮ ಮನೆಗೆ ಈಗ ತಂತಿಯ ಸಂಪರ್ಕ ಸರಿಯಾಗಿದೆ. ಆ ರೂಟರನ್ನು ಅವನಿಗೇ ಕೊಟ್ಟೆ. ಮಾಗಡಿ ತಾಲ್ಲೂಕಿನಲ್ಲಿರುವ ಅವನ ತಂಗಿಯ ಮನೆಯಲ್ಲಿ ಅದೀಗ ಕಿಟಕಿಯ ಮೇಲೆ ಕುಳಿತು, ದೂರದ ಗೋಪುರದ ಉದ್ದಲೆಯನ್ನು ಹಿಡಿದು, ಪಿಯುಸಿ ಓದುವ ಹುಡುಗಿಯೊಬ್ಬಳಿಗೆ ಪಾಠ ತಂದುಕೊಡುತ್ತಿದೆ. ತಿರುಪುಗಳ ಆ ಕಾಗದವನ್ನು ಮಾತ್ರ ಕೇಳಿ ಇಟ್ಟುಕೊಂಡಿದ್ದೇನೆ. ಆರು ಸೊನ್ನೆಗಳು, ಪಕ್ಕದಲ್ಲಿ ಗುರುತುಗಳು.

ನಿಮ್ಮಲ್ಲಿ ಹಲವರು ಈಗ ತಂದೆತಾಯಿಗಳು, ಕೆಲವರು ಮೇಷ್ಟರುಗಳೂ ಹೌದು. ನಿಮ್ಮ ಮನೆಯಲ್ಲೋ ತರಗತಿಯಲ್ಲೋ ಮಗುವೊಂದು ಏನನ್ನಾದರೂ ಬಿಚ್ಚಿ ಕುಳಿತಿದ್ದರೆ, ಪ್ಲಗ್ಗು ಕಿತ್ತಿದೆಯೇ ಎಂದು ಮೊದಲು ನೋಡಿರಿ. ಆಮೇಲೆ ಪಕ್ಕದಲ್ಲಿ ಕುಳಿತು, ಏನು ಕಾಣಿಸಿತು ಎಂದು ಕೇಳಿರಿ.